ಯುವ ಭೌತವಿಜ್ಞಾನಿಗಳ ವಾದಸಭೆ: ಒಂದು ಸಂಸ್ಥೆಯ ಚರಿತ್ರೆ

ನಮ್ಮ ಪ್ರೌಢಶಾಲೆಗಳಲ್ಲಿ ವಿಜ್ಞಾನವು ಚರ್ಚಾಸ್ಪರ್ಧೆಯ ವೇದಿಕೆಯನ್ನೇರುವುದು ಬಹುಕಾಲದಿಂದಲೂ ಒಂದೇ ರೀತಿಯಲ್ಲಿ. ವಿಜ್ಞಾನವು ಮಾನವಕುಲಕ್ಕೆ ವರವೋ ಶಾಪವೋ ಎಂಬ ವಿಷಯವನ್ನು ಅಧ್ಯಾಪಕರು ಸಾರುತ್ತಾರೆ. ಪರವಾಗಿ ನಿಂತ ಬಾಲಕನು ವಿದ್ಯುದ್ದೀಪವನ್ನೂ ಲಸಿಕೆಯನ್ನೂ ಹೊಗಳುತ್ತಾನೆ, ವಿರೋಧವಾಗಿ ನಿಂತ ಬಾಲಿಕೆಯು ಹಿರೋಷಿಮಾವನ್ನು ನೆನೆಯುತ್ತಾಳೆ, ಮುಖ್ಯೋಪಾಧ್ಯಾಯರು ಇಬ್ಬರ ವಾಕ್ಚಾತುರ್ಯವನ್ನೂ ಮೆಚ್ಚಿ ಸ್ಟೀಲಿನ ಲೋಟವನ್ನೋ ನಿಘಂಟನ್ನೋ ಬಹುಮಾನವಾಗಿ ಕೊಡುತ್ತಾರೆ. ಭಾಷೆಯ ಅಭ್ಯಾಸಕ್ಕೆ ಇದರಿಂದಾದ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಹೊತ್ತಿನಲ್ಲಿ ವಾದಕ್ಕೆ ಗುರಿಯಾಗುವುದು ವಿಜ್ಞಾನದ ಪರಿಣಾಮಗಳಷ್ಟೆ; ವಿಜ್ಞಾನವು ತನ್ನೊಳಗೆ ಒಂದು ಮಾತನ್ನು ನಿಜವೆಂದು ಒಪ್ಪುವುದು ಹೇಗೆ, ಅದನ್ನು ಸುಳ್ಳೆಂದು ತಳ್ಳುವುದು ಹೇಗೆ, ಒಪ್ಪುವ ಮುನ್ನ ಯಾರು ಯಾರನ್ನು ಏನೆಂದು ಪ್ರಶ್ನಿಸಬೇಕು ಎಂಬ ವಾದವು ಮಕ್ಕಳ ಕಿವಿಗೆ ಬೀಳುವುದೇ ಅಪರೂಪ. ಈ ಎರಡನೆಯ ಬಗೆಯ ವಾದವನ್ನು ಹದಿನೈದು ಹದಿನಾರರ ವಯಸ್ಸಿನ ವಿದ್ಯಾರ್ಥಿಗಳ ಕೈಗೆ ಧೈರ್ಯವಾಗಿ ಕೊಡಬಹುದೆಂದು ನಂಬಿ, ಅದಕ್ಕೆ ತಕ್ಕ ನಿಯಮಗಳನ್ನು ಕಟ್ಟಿ, ದೇಶದಿಂದ ದೇಶಕ್ಕೆ ಅದನ್ನು ಒಯ್ದ ಒಂದು ಸಂಸ್ಥೆಯ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ಇಡಬೇಕೆಂಬುದು ನನ್ನ ಉದ್ದೇಶ. ಅದು ಯುವ ಭೌತವಿಜ್ಞಾನಿಗಳ ಅಂತಾರಾಷ್ಟ್ರೀಯ ಪಂದ್ಯಾವಳಿ. ಬಲ್ಲವರು ಅದನ್ನು ಐ.ವೈ.ಪಿ.ಟಿ. ಎಂಬ ಸಂಕ್ಷಿಪ್ತ ನಾಮದಿಂದ ಕರೆಯುತ್ತಾರೆ.

ಪಂದ್ಯಾವಳಿಯು ಹುಟ್ಟಿದ್ದು ಮಾಸ್ಕೋದಲ್ಲಿ, 1979ರಲ್ಲಿ. ಆದರೆ ಯಾವ ನೆಲದಲ್ಲಿ ಹುಟ್ಟಿತೋ ಆ ನೆಲದ ಗುಣವನ್ನು ತಿಳಿಯದೆ ಅದರ ಸ್ವರೂಪವನ್ನು ಗ್ರಹಿಸುವುದು ಕಷ್ಟ. ಸೋವಿಯತ್ ದೇಶದಲ್ಲಿ ಶಾಲಾ ಬಾಲಕರನ್ನು ಉನ್ನತ ಗಣಿತ ಭೌತಗಳತ್ತ ಕರೆದೊಯ್ಯುವ ಪ್ರಯತ್ನಗಳು ಎರಡನೆಯ ಮಹಾಯುದ್ಧಕ್ಕೂ ಮೊದಲೇ ಆರಂಭವಾಗಿದ್ದವು: ಲೆನಿನ್‌ಗ್ರಾಡಿನಲ್ಲಿ 1934ರಲ್ಲೂ ಮಾಸ್ಕೋದಲ್ಲಿ 1935ರಲ್ಲೂ ಗಣಿತ ಒಲಿಂಪಿಯಾಡುಗಳು ನಡೆದವು, ಮಹಾಗಣಿತಜ್ಞ ಕೊಲ್ಮೊಗೊರೊವ್ ಅವರ ಆಸಕ್ತಿಯಿಂದ 1963ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಗಣಿತ ಭೌತಗಳಿಗೇ ಮೀಸಲಾದ ವಸತಿಶಾಲೆಯೊಂದು ತೆರೆಯಿತು, 1970ರಲ್ಲಿ ಅವರೂ ಭೌತವಿಜ್ಞಾನಿ ಕಿಕೊಯಿನ್ ಅವರೂ ಕೂಡಿ ‘ಕ್ವಾಂತ್’ ಎಂಬ ಮಾಸಪತ್ರಿಕೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ಹೊರತಂದರು. ಆ ಪರಂಪರೆಯ ಸುವಾಸನೆಯು ನಮ್ಮ ನಾಡಿಗೂ ಒಂದಿಷ್ಟು ಬಂದಿತು. ಅಲ್ಲಿನ ಮೀರ್ ಪ್ರಕಾಶನದ ದಪ್ಪ ರಟ್ಟಿನ, ಅಗ್ಗದ ಬೆಲೆಯ ಪುಸ್ತಕಗಳನ್ನು ನವಕರ್ನಾಟಕದ ಮಳಿಗೆಗಳಲ್ಲಿ ಕೊಂಡು ಓದಿದ ತಲೆಮಾರಿನ ವಿಜ್ಞಾನ ಶಿಕ್ಷಕರು ಕರ್ನಾಟಕದ ಊರೂರುಗಳಲ್ಲಿ ಇದ್ದರು, ಇಂದಿಗೂ ಕೆಲವರು ಇದ್ದಾರೆ.

ಒಲಿಂಪಿಯಾಡುಗಳು ಏಕಾಂಗಿಯಾಗಿ ಕುಳಿತು ಬರೆಯುವ ಪರೀಕ್ಷೆಗಳು. ಅದಕ್ಕಿಂತ ಭಿನ್ನವಾದ ಕ್ರೀಡೆಯೊಂದನ್ನು ಲೆನಿನ್‌ಗ್ರಾಡಿನ ಶಾಲೆಗಳು 1960ರ ದಶಕದಲ್ಲಿ ರೂಢಿಗೆ ತಂದವು. ಗಣಿತದ ಕಾಳಗವೆಂದು ಅದಕ್ಕೆ ಹೆಸರು: ಒಂದು ತಂಡದವನು ಕರಿಹಲಗೆಯ ಬಳಿ ನಿಂತು ಸಾಧನೆಯನ್ನು ವಿವರಿಸುವನು, ಎದುರಾಳಿ ತಂಡದವನು ಅದರಲ್ಲಿ ಬಿರುಕನ್ನು ಹುಡುಕುವನು. ಇದರ ಜೊತೆಗೆ ಸೋವಿಯತ್ ವಿಶ್ವವಿದ್ಯಾನಿಲಯಗಳಲ್ಲಿ ಮತ್ತೊಂದು ಸಂಪ್ರದಾಯ ದೃಢವಾಗಿದ್ದಿತು. ಅಲ್ಲಿ ಪದವಿಗಾಗಿ ಮಹಾಪ್ರಬಂಧವನ್ನು ಒಪ್ಪಿಸುವವನು ಅದನ್ನು ಬಹಿರಂಗ ಸಭೆಯಲ್ಲಿ ಸಮರ್ಥಿಸಿಕೊಳ್ಳಬೇಕು. ಅವನನ್ನು ಪ್ರಶ್ನಿಸುವುದಕ್ಕೆಂದೇ ವಿಧಿವತ್ತಾಗಿ ನೇಮಕಗೊಂಡ ಪ್ರತಿಪಕ್ಷಿಗಳು ಸಭೆಯಲ್ಲಿ ಕುಳಿತಿರುತ್ತಾರೆ. ಭೌತವಿಜ್ಞಾನಿ ಲೆವ್ ಲಾಂಡೌ ಅವರು ಮಾಸ್ಕೋದ ಭೌತಸಮಸ್ಯೆಗಳ ಸಂಸ್ಥೆಯಲ್ಲಿ ಗುರುವಾರಗಳಂದು ನಡೆಸುತ್ತಿದ್ದ ಗೋಷ್ಠಿಯು ಇದಕ್ಕೂ ಕಠಿನವಾದುದು; ಎಂತಹ ಹಿರಿಯನೇ ಆಗಲಿ, ತನ್ನ ಮಾತಿನ ಆಧಾರವನ್ನು ತೋರಿಸಲಾರದಿದ್ದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ. ರಾಜಕೀಯದಲ್ಲಿ ಪ್ರಶ್ನೆಗೆ ಎಡೆಯಿಲ್ಲದಿದ್ದ ಆ ದೇಶದಲ್ಲಿ ಭೌತವಿಜ್ಞಾನದ ಗೋಷ್ಠಿಗಳು ಪ್ರಶ್ನೆಯ ಸ್ವಾತಂತ್ರ್ಯವನ್ನು ಕಾಪಾಡಿಕೊಂಡು ಬಂದವೆಂಬುದನ್ನು ನಾನು ಆಳವಾದ ಗೌರವದಿಂದ ಕಾಣುತ್ತೇನೆ.

ಮಾಸ್ಕೋ ವಿಶ್ವವಿದ್ಯಾನಿಲಯದ ಭೌತವಿಭಾಗಕ್ಕೆ ಸೇರಿದ ಯೆವ್ಗೇನಿ ಯೂನೊಸೊವ್ ಎಂಬವರು ಈ ಎಳೆಗಳನ್ನೆಲ್ಲ ಒಂದೆಡೆ ಹೆಣೆದರು. ಅವರ ಕಲ್ಪನೆ ಇಂತಹುದು: ಭೌತವಿಜ್ಞಾನಿಯು ತನ್ನ ಜೀವನದಲ್ಲಿ ಮಾಡುವುದು ಮೂರು ಗಂಟೆಗಳಲ್ಲಿ ಐದು ಲೆಕ್ಕಗಳನ್ನು ಬಿಡಿಸುವ ಕೆಲಸವಲ್ಲ, ಅವನು ಉತ್ತರ ತಿಳಿಯದ ಒಂದು ಸಮಸ್ಯೆಯೊಡನೆ ತಿಂಗಳುಗಟ್ಟಲೆ ಬಾಳುತ್ತಾನೆ, ಸಂಗಡಿಗರೊಡನೆ ತರ್ಕಿಸುತ್ತಾನೆ, ಉಪಕರಣವನ್ನು ಕಟ್ಟುತ್ತಾನೆ, ಕೆಡಿಸುತ್ತಾನೆ, ಪುಸ್ತಕಾಲಯದಲ್ಲಿ ಹಳೆಯ ಲೇಖನಗಳನ್ನು ತಡಕುತ್ತಾನೆ, ಕೊನೆಗೆ ತಾನು ಕಂಡದ್ದನ್ನು ಸಮಾನಸ್ಕಂಧರ ಎದುರಿಗಿಟ್ಟು ಅವರ ಆಕ್ಷೇಪಣೆಗಳಿಗೆ ಉತ್ತರ ಹೇಳುತ್ತಾನೆ. ಶಾಲೆಯ ವಿದ್ಯಾರ್ಥಿಗೂ ಈ ಬಾಳಿನ ರುಚಿ ಏಕೆ ದೊರೆಯಬಾರದು? ಅಂತಾರಾಷ್ಟ್ರೀಯ ಭೌತವಿಜ್ಞಾನ ಒಲಿಂಪಿಯಾಡು 1967ರಲ್ಲಿಯೇ ವಾರ್ಸಾದಲ್ಲಿ ಮೊದಲುಗೊಂಡು, ಪ್ರತಿಭಾವಂತರನ್ನು ಬಹು ಬೇಗನೆ ಗುರುತಿಸುವ ಸಾಧನವಾಗಿ ಬೆಳೆಯುತ್ತಿದ್ದಿತು. ಆ ಒಲಿಂಪಿಯಾಡಿನ ಹಿರಿಮೆಯನ್ನು ಕುಗ್ಗಿಸದೆಯೇ, ಅದು ಅಳೆಯಲಾರದ ಕೆಲವು ಗುಣಗಳನ್ನು ಅಳೆಯುವ ಏರ್ಪಾಡೊಂದು ಬೇಕೆಂದು ಯೂನೊಸೊವ್ ಅವರಿಗೆ ತೋರಿತು. ಅಂದು ಮಾಸ್ಕೋದ ಶಾಲೆಗಳಿಗಷ್ಟೆ ಮೀಸಲಾಗಿದ್ದ ಆ ಏರ್ಪಾಡು ಒಂಬತ್ತು ವರ್ಷಗಳ ತರುವಾಯ, 1988ರಲ್ಲಿ, ಅಂತಾರಾಷ್ಟ್ರೀಯವಾಯಿತು.

ಇನ್ನು ಪಂದ್ಯದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸಂಸ್ಥೆಯ ಆತ್ಮವಿರುವುದು ಅದರ ನಿಯಮಾವಳಿಯಲ್ಲಿ.

ಮುಂದಿನ ವರ್ಷದ ಪಂದ್ಯಕ್ಕೆ 17 ಸಮಸ್ಯೆಗಳ ಪಟ್ಟಿಯೊಂದು ಸುಮಾರು ಒಂದು ವರ್ಷ ಮೊದಲೇ ಪ್ರಕಟವಾಗುತ್ತದೆ. ಪ್ರತಿಯೊಂದು ಸಮಸ್ಯೆಯೂ ಮೂರು ನಾಲ್ಕು ವಾಕ್ಯಗಳಷ್ಟೆ. ಅದರಲ್ಲಿ ಸಾಮಾನ್ಯವಾಗಿ ಸಂಖ್ಯೆಗಳಿರುವುದಿಲ್ಲ, ಕಂಡುಹಿಡಿಯಬೇಕಾದ ಒಂದು ಬೆಲೆಯೂ ಇರುವುದಿಲ್ಲ. ಒಂದು ವಿದ್ಯಮಾನವನ್ನು ಬಣ್ಣಿಸಿ, ಅದನ್ನು ಶೋಧಿಸಿ ವಿವರಿಸಿರೆಂದು ಮಾತ್ರ ಹೇಳಲಾಗುತ್ತದೆ. ಒಂದೊಂದು ದೇಶದಿಂದ ಐದು ಮಂದಿ ವಿದ್ಯಾರ್ಥಿಗಳ ತಂಡ ಬರುತ್ತದೆ. ಮೂರು ಅಥವಾ ನಾಲ್ಕು ತಂಡಗಳು ಒಂದು ಕೊಠಡಿಯಲ್ಲಿ ಸೇರಿ ನಡೆಸುವ ವಾದಕ್ಕೆ ಭೌತವಿಜ್ಞಾನದ ಕಾಳಗವೆಂದೇ ಹೆಸರು. ಕಾಳಗದ ಪ್ರತಿಯೊಂದು ಹಂತದಲ್ಲಿಯೂ ಒಂದು ತಂಡ ನಿರೂಪಕನ ಸ್ಥಾನದಲ್ಲಿಯೂ, ಇನ್ನೊಂದು ಪ್ರತಿಪಕ್ಷಿಯ ಸ್ಥಾನದಲ್ಲಿಯೂ, ಮತ್ತೊಂದು ವಿಮರ್ಶಕನ ಸ್ಥಾನದಲ್ಲಿಯೂ ನಿಲ್ಲುತ್ತದೆ. ನಾಲ್ಕನೆಯ ತಂಡವಿದ್ದರೆ ಅದು ಮೌನವಾಗಿ ವೀಕ್ಷಿಸುತ್ತದೆ. ಹಂತ ಬದಲಾದಂತೆ ಸ್ಥಾನಗಳೂ ಬದಲಾಗುತ್ತವೆ.

ಯಾವ ಸಮಸ್ಯೆಯನ್ನು ನಿರೂಪಿಸಬೇಕೆಂದು ಸವಾಲು ಹಾಕುವವನು ಪ್ರತಿಪಕ್ಷಿಯೇ. ನಿರೂಪಕ ತಂಡವು ಒಪ್ಪಬಹುದು, ನಿರಾಕರಿಸಲೂಬಹುದು. ಆದರೆ ನಿರಾಕರಣೆಗೆ ಮಿತಿಯಿದೆ, ಮಿತಿ ಮೀರಿದರೆ ಅದರ ಅಂಕಗಳ ತೂಕ ತಗ್ಗುತ್ತದೆ. ಆದುದರಿಂದ ನಾಲ್ಕಾರು ಸಮಸ್ಯೆಗಳನ್ನು ಮಾತ್ರ ಕಂಠಪಾಠ ಮಾಡಿ ಬಂದ ತಂಡವು ಇಲ್ಲಿ ಬಹಳ ದೂರ ಸಾಗಲಾರದು. ಸವಾಲನ್ನು ಒಪ್ಪಿದ ಮೇಲೆ ನಿರೂಪಕನು 12 ನಿಮಿಷಗಳಲ್ಲಿ ತನ್ನ ಪ್ರಯೋಗಗಳನ್ನೂ ಸಿದ್ಧಾಂತವನ್ನೂ ಮುಂದಿಡುತ್ತಾನೆ. ಪ್ರತಿಪಕ್ಷಿಯು ಮೊದಲು ಸ್ಪಷ್ಟೀಕರಣಕ್ಕಾಗಿ ಚಿಕ್ಕ ಪ್ರಶ್ನೆಗಳನ್ನು ಕೇಳಿ, ಮೂರು ನಿಮಿಷ ತನ್ನ ಸಂಗಡಿಗರೊಡನೆ ಆಲೋಚಿಸಿ, ಅನಂತರ ಎದ್ದು ನಿರೂಪಣೆಯ ಬಲವನ್ನೂ ದೌರ್ಬಲ್ಯವನ್ನೂ ವಿವೇಚಿಸುತ್ತಾನೆ. ತರುವಾಯ ಅವರಿಬ್ಬರ ನಡುವೆ ನೇರವಾದ ಚರ್ಚೆ ನಡೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಾದ ನಿಯಮವುಂಟು. ಪ್ರತಿಪಕ್ಷಿಯು ಅದೇ ಸಮಸ್ಯೆಗೆ ತಾನು ಕಂಡುಕೊಂಡ ಪರಿಹಾರವನ್ನು ಮಂಡಿಸಕೂಡದು. ತಿಂಗಳುಗಟ್ಟಲೆ ಅವನೂ ಅದೇ ಸಮಸ್ಯೆಯೊಡನೆ ಹೆಣಗಿರುತ್ತಾನೆ, ಎದುರಿನವನಿಗಿಂತ ಉತ್ತಮವಾದ ಅಳತೆಗಳು ಅವನ ಚೀಲದಲ್ಲಿಯೇ ಇರಬಹುದು. ಆದರೂ ಅವನು ಅವನ್ನು ಹೊರತೆಗೆಯದೆ, ಎದುರಿನವನು ಹೇಳಿದ್ದನ್ನೇ ಆಧಾರವಾಗಿ ಹಿಡಿದು, ಅದು ಎಲ್ಲಿ ನಿಲ್ಲುತ್ತದೆ ಎಲ್ಲಿ ಕುಸಿಯುತ್ತದೆ ಎಂಬುದನ್ನು ಕಾಣಿಸಬೇಕು. ಹದಿಹರೆಯದವರಿಗೆ ಇದಕ್ಕಿಂತ ಕಠಿನವಾದ ಸಂಯಮವನ್ನು ಬೋಧಿಸುವ ಶಿಕ್ಷಣವನ್ನು ನಾನು ಕಾಣೆ. ಅವರಿಬ್ಬರ ಚರ್ಚೆ ಮುಗಿದ ಮೇಲೆ ವಿಮರ್ಶಕನು ಎದ್ದು, ನಿರೂಪಕನು ಎಷ್ಟರಮಟ್ಟಿಗೆ ಸರಿ, ಪ್ರತಿಪಕ್ಷಿಯು ಮುಖ್ಯವಾದ ಪ್ರಶ್ನೆಯನ್ನು ಕೇಳಿದನೇ ಅಥವಾ ಕ್ಷುಲ್ಲಕವಾದುದನ್ನು ಹಿಡಿದು ಎಳೆದಾಡಿದನೇ ಎಂದು ಇಬ್ಬರನ್ನೂ ತೂಗಿ ನೋಡುತ್ತಾನೆ. ಕಡೆಗೆ ತೀರ್ಪುಗಾರರು ತಮ್ಮ ಪ್ರಶ್ನೆಗಳನ್ನು ಕೇಳಿ, ಒಮ್ಮೆಗೇ ಅಂಕದ ಫಲಕಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುತ್ತಾರೆ.

ಆ ಅಂಕಗಳ ಲೆಕ್ಕಾಚಾರದಲ್ಲಿ ನನಗೆ ಈ ಸಂಸ್ಥೆಯ ತತ್ತ್ವವೆಲ್ಲ ಅಡಗಿರುವಂತೆ ತೋರುತ್ತದೆ. ತೀರ್ಪುಗಾರನು ಕೊಡುವುದು 1ರಿಂದ 10ರ ವರೆಗಿನ ಅಂಕ. ನಿರೂಪಕನ ಅಂಕವನ್ನು 3ರಿಂದ, ಪ್ರತಿಪಕ್ಷಿಯ ಅಂಕವನ್ನು 2ರಿಂದ, ವಿಮರ್ಶಕನ ಅಂಕವನ್ನು 1ರಿಂದ ಗುಣಿಸಲಾಗುತ್ತದೆ. ಅಂದರೆ ಒಂದು ಕಾಳಗದಲ್ಲಿ ಮೂರೂ ಸ್ಥಾನಗಳನ್ನು ನಿರ್ವಹಿಸಿದ ತಂಡವೊಂದು ಗಳಿಸಬಹುದಾದ 60 ಅಂಕಗಳಲ್ಲಿ 30 ಮಾತ್ರ ತನ್ನ ಸ್ವಂತ ಶೋಧನೆಗೆ. ಉಳಿದ 30 ಅನ್ಯರ ಮಾತನ್ನು ಎಚ್ಚರದಿಂದ ಆಲಿಸಿ ನ್ಯಾಯವಾಗಿ ಪರೀಕ್ಷಿಸಿದ್ದಕ್ಕೆ. ಪ್ರಪಂಚದ ಯಾವ ದೇಶದ ಶಾಲಾ ಪರೀಕ್ಷೆಯಲ್ಲಿಯೂ ಪ್ರಶ್ನೆ ಕೇಳಿದವನಿಗೆ ಉತ್ತರ ಹೇಳಿದವನಷ್ಟೇ ಪ್ರತಿಫಲವನ್ನು ಕೊಟ್ಟ ಉದಾಹರಣೆ ಸುಲಭವಾಗಿ ದೊರೆಯದು. ವಿಜ್ಞಾನವು ಬೆಳೆಯುವುದು ಶೋಧಕರಿಂದ ಎಷ್ಟೋ ಅಷ್ಟೇ ಪರೀಕ್ಷಕರಿಂದಲೂ ಎಂಬ ಸತ್ಯವನ್ನು ಯೂನೊಸೊವ್ ಮತ್ತು ಅವರ ಸಂಗಡಿಗರು ಭಾಷಣಗಳಲ್ಲಿ ಸಾರುವುದಕ್ಕೆ ಬದಲಾಗಿ ಗುಣಾಕಾರದ ಮೂಲಕ ಸ್ಥಾಪಿಸಿದರು.

ನಮ್ಮ ನ್ಯಾಯದರ್ಶನವನ್ನು ಬಲ್ಲವರಿಗೆ ಇಲ್ಲಿ ಒಂದು ಪರಿಚಿತವಾದ ಮುಖ ಕಂಡೀತು. ಗೌತಮನ ನ್ಯಾಯಸೂತ್ರಗಳು ಕಥೆಯನ್ನು, ಎಂದರೆ ಶಾಸ್ತ್ರಚರ್ಚೆಯನ್ನು, ಮೂರಾಗಿ ವಿಭಾಗಿಸುತ್ತವೆ: ತತ್ತ್ವನಿರ್ಣಯವೇ ಗುರಿಯಾದುದು ವಾದ, ಗೆಲುವೇ ಗುರಿಯಾದುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಪರಪಕ್ಷವನ್ನು ಖಂಡಿಸುವುದಷ್ಟೇ ವಿತಂಡ. ಸ್ವಪಕ್ಷವನ್ನು ಸ್ಥಾಪಿಸಕೂಡದೆಂಬ ಕಟ್ಟಳೆಗೆ ಒಳಗಾದ ಈ ಪ್ರತಿಪಕ್ಷಿಯು ಆಕಾರದಲ್ಲಿ ವೈತಂಡಿಕನೇ ಸರಿ. ಆದರೆ ಅವನ ಬೆನ್ನ ಹಿಂದೆ ವಿಮರ್ಶಕನನ್ನು ನಿಲ್ಲಿಸಿ, ಚರ್ಚೆಯಿಂದ ವಿಷಯವು ಎಷ್ಟು ತಿಳಿಯಾಯಿತು ಎಂಬುದಕ್ಕೇ ಅಂಕವನ್ನು ಕಟ್ಟಿದುದರಿಂದ, ವಿತಂಡದ ದೇಹದಲ್ಲಿ ವಾದದ ಜೀವವು ನೆಲಸುವಂತಾಯಿತು. ಮಾಸ್ಕೋದವರು ಗೌತಮನನ್ನು ಓದಿ ಇದನ್ನು ರಚಿಸಿದರೆಂದು ನಾನು ಹೇಳುತ್ತಿಲ್ಲ. ಚರ್ಚೆಯನ್ನು ಗಂಭೀರವಾಗಿ ನಡೆಸಬೇಕೆಂದು ಹೊರಟ ಜನ ಯಾವ ಕಾಲದಲ್ಲಿದ್ದರೂ ಒಂದೇ ಬಗೆಯ ಅಪಾಯಗಳನ್ನು ಎದುರಿಸಬೇಕಾಗುತ್ತದೆ.

ಸಮಸ್ಯೆಗಳ ವಿಷಯವಾಗಿ ಕೆಲವು ಮಾತುಗಳು ಅವಶ್ಯ. ಅವುಗಳಲ್ಲಿ ಹೆಚ್ಚಿನವು ದಿನಬಳಕೆಯ ವಸ್ತುಗಳನ್ನೇ ಕುರಿತವು. ನೀರಿನ ಮೇಲೆ ತೇಲುವ ಗುಂಡುಸೂಜಿಯಂತಹ ಚಿಕ್ಕ ಮೊಳೆಗಳು ಒಂದನ್ನೊಂದು ಸೆಳೆಯುವುದೇಕೆ ಎಂದು 2012ರಲ್ಲಿಯೂ, ಕಾಫಿಯ ಬಟ್ಟಲನ್ನು ಹಿಡಿದು ನಡೆಯುವಾಗ ಕಾಫಿ ತುಳುಕುವುದು ಹೇಗೆ ಎಂದು 2015ರಲ್ಲಿಯೂ, ಚೆನ್ನಾಗಿ ತಣಿಸಿದ ಬಾಟಲಿಯ ಬಾಯಿಯ ಮೇಲಿಟ್ಟ ನಾಣ್ಯವು ಸದ್ದು ಮಾಡುತ್ತ ಕುಣಿಯುವುದೇಕೆ ಎಂದು 2018ರಲ್ಲಿಯೂ ಕೇಳಲಾಯಿತು. ಇವುಗಳ ಸರಳತೆಯನ್ನು ಕಂಡು ಮೋಸಹೋಗಬಾರದು. 2012ರ ಪಟ್ಟಿಯಲ್ಲಿ ಮಣಿಸರದ ಸಮಸ್ಯೆಯೊಂದಿತ್ತು: ಬೀಕರಿನಲ್ಲಿ ಸುರುಳಿ ಸುತ್ತಿಟ್ಟ ಉದ್ದವಾದ ಮಣಿಸರದ ತುದಿಯನ್ನು ಅಂಚಿನಿಂದಾಚೆಗೆ ಎಳೆದು ಬಿಟ್ಟರೆ ಅದು ತಾನೇ ಹರಿಯತೊಡಗಿ, ವೇಗ ಹೆಚ್ಚಿದಂತೆ ಪಾತ್ರೆಯ ಅಂಚನ್ನು ಮುಟ್ಟದೆ ಮೇಲಕ್ಕೆದ್ದು ಕಮಾನಿನಂತೆ ಬಾಗುತ್ತದೆ. ಇದೇ ವಿದ್ಯಮಾನವನ್ನು ಕುರಿತು ಕೇಂಬ್ರಿಜ್‌ನ ಬಿಗ್ಗಿನ್ಸ್ ಮತ್ತು ವಾರ್ನರ್ ಎಂಬ ವಿಜ್ಞಾನಿಗಳ ಪ್ರಬಂಧವು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದುದು 2014ರಲ್ಲಿ; ಸರದ ಕೊಂಡಿಯು ಮೇಲೇಳುವಾಗ ಕೆಳಗಿನ ರಾಶಿಯು ಅದನ್ನು ತುಸು ಮೇಲಕ್ಕೆ ತಳ್ಳುವುದೇ ಆ ಕಮಾನಿಗೆ ಕಾರಣವೆಂದು ಅವರು ವಾದಿಸಿದರು. ಹಿರಿಯ ವಿಜ್ಞಾನಿಗಳು ಲೇಖನಿಯನ್ನು ಎತ್ತಿಕೊಳ್ಳುವ ಎರಡು ವರ್ಷ ಮೊದಲೇ ಶಾಲಾ ವಿದ್ಯಾರ್ಥಿಗಳು ಆ ಪ್ರಶ್ನೆಯ ಮುಂದೆ ನಿಂತಿದ್ದರು. ಯಾವ ಪಠ್ಯಪುಸ್ತಕದ ಕೊನೆಯ ಪುಟದಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ.

2018ರ ಪಟ್ಟಿಯಲ್ಲಿದ್ದ ಮರಳುಗಡಿಯಾರದ ಸಮಸ್ಯೆಯೊಂದನ್ನು ಕೊಂಚ ಬಿಡಿಸಿ ನೋಡೋಣ. ಮರಳು ಸುರಿಯುತ್ತಿರುವಾಗ ಗಡಿಯಾರವನ್ನು ತಕ್ಕಡಿಯ ಮೇಲಿಟ್ಟರೆ ಅದರ ತೂಕ ಬದಲಾಗುತ್ತದೆಯೇ? ಸಾಮಾನ್ಯವಾದ ಊಹೆ ಏನೆಂದರೆ, ಗಾಳಿಯಲ್ಲಿ ಬೀಳುತ್ತಿರುವ ಮರಳಿನ ಭಾರವು ತಕ್ಕಡಿಯ ಮೇಲೆ ಇಲ್ಲದ ಕಾರಣ ತೂಕವು ಕಡಿಮೆಯಾಗಬೇಕು. ಆರಂಭದ ಕ್ಷಣದಲ್ಲಿ, ಮೊದಲ ಕಣವು ತಳವನ್ನು ತಾಕುವ ಮುನ್ನ, ಅದು ನಿಜವೂ ಹೌದು. ಆದರೆ ಹರಿವು ಸ್ಥಿರವಾದ ಮೇಲೆ ಬೀಳುವ ಮರಳಿನ ಕೊರತೆಯನ್ನು ತಳಕ್ಕೆ ಅಪ್ಪಳಿಸುವ ಮರಳಿನ ಒತ್ತಡವು ತುಂಬಿಕೊಡುತ್ತದೆ. ಅಷ್ಟೇ ಅಲ್ಲ, ಮೇಲಿನ ಮರಳಿನ ಮಟ್ಟ ಇಳಿಯುತ್ತ ಕೆಳಗಿನ ರಾಶಿ ಏರುತ್ತ ಎರಡರ ನಡುವಣ ದೂರ ಕುಗ್ಗುವುದರಿಂದ, ಇಡೀ ಮರಳಿನ ದ್ರವ್ಯಕೇಂದ್ರವು ಕೆಳಗಿಳಿಯುವ ವೇಗವು ಕ್ಷಣಕ್ಷಣಕ್ಕೂ ಮಂದವಾಗುತ್ತದೆ. ಇಳಿಯುವ ವೇಗ ಮಂದವಾಗುವುದೆಂದರೆ ವೇಗೋತ್ಕರ್ಷವು ಊರ್ಧ್ವಮುಖವೆಂದರ್ಥ. ಊರ್ಧ್ವಮುಖವಾದರೆ ತಕ್ಕಡಿಯು ಎಳ್ಳಷ್ಟು ಹೆಚ್ಚಿನ ತೂಕವನ್ನೇ ತೋರಿಸಬೇಕು. ನಿರೂಪಕನು ಈ ವಾದವನ್ನು ಸಮೀಕರಣಗಳೊಡನೆ ಮಂಡಿಸಿದನೆಂದು ಇಟ್ಟುಕೊಳ್ಳಿ. ಬಲ್ಲ ಪ್ರತಿಪಕ್ಷಿಯು ಏನನ್ನು ಕೇಳುತ್ತಾನೆ? ಆ ವ್ಯತ್ಯಾಸವು ಅತ್ಯಲ್ಪವಾಗಿರುವಾಗ ನಿಮ್ಮ ತಕ್ಕಡಿಯ ಸೂಕ್ಷ್ಮತೆ ಎಷ್ಟು? ಅದು ಎಷ್ಟು ಬೇಗ ಸ್ಪಂದಿಸುತ್ತದೆ? ಮರಳಿನ ಹರಿವು ಮೇಲಿನ ಮಟ್ಟವನ್ನು ಅವಲಂಬಿಸದೆ ಸಮನಾಗಿರುತ್ತದೆಂದು ಊಹಿಸಿದಿರಿ, ಅದನ್ನು ಅಳೆದು ನೋಡಿದಿರಾ? ಮೇಜಿನ ಕಂಪನವನ್ನು ತಕ್ಕಡಿಯಿಂದ ಬೇರ್ಪಡಿಸಿದಿರಾ? ಇವುಗಳಲ್ಲಿ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಹೋದರೂ, ಅದನ್ನು ನಾವು ಅಳೆಯಲಿಲ್ಲವೆಂದು ನೇರವಾಗಿ ಒಪ್ಪಿಕೊಂಡ ನಿರೂಪಕನು ಸುತ್ತಿ ಬಳಸಿ ಮಾತಾಡಿದವನಿಗಿಂತ ಮೇಲೆನಿಸಿಕೊಳ್ಳುತ್ತಾನೆ. ಸಭೆಯ ಮುಂದೆ ತನ್ನ ಅರಿವಿನ ಎಲ್ಲೆಯನ್ನು ಹೇಳಿಕೊಳ್ಳುವುದು ಅಪಮಾನವಲ್ಲವೆಂಬುದನ್ನು ಹದಿನಾರರ ಹರೆಯದಲ್ಲಿ ಕಲಿತವನು ಪುಣ್ಯವಂತ. ಆ ಪಾಠ ಅನೇಕರಿಗೆ ಅರುವತ್ತರಲ್ಲಿಯೂ ದೊರೆಯುವುದಿಲ್ಲ.

ಚರಿತ್ರೆಯ ದಾರಿಗೆ ಮರಳುವೆ. ಅಂತಾರಾಷ್ಟ್ರೀಯ ರೂಪ ಬಂದು ಮೂರು ನಾಲ್ಕು ವರ್ಷಗಳಾಗುವಷ್ಟರಲ್ಲಿ ಪಂದ್ಯಾವಳಿಯನ್ನು ಪೋಷಿಸಿದ ರಾಷ್ಟ್ರವೇ ಇಲ್ಲವಾಯಿತು. 1991ರ ಕೊನೆಯಲ್ಲಿ ಸೋವಿಯತ್ ಒಕ್ಕೂಟವು ವಿಸರ್ಜನೆಗೊಂಡಾಗ ವಿಶ್ವವಿದ್ಯಾನಿಲಯಗಳ ಬೊಕ್ಕಸಗಳು ಬರಿದಾದವು, ಅಧ್ಯಾಪಕರು ಹೊಟ್ಟೆಪಾಡಿಗಾಗಿ ಅನ್ಯ ದೇಶಗಳನ್ನೂ ಅನ್ಯ ವೃತ್ತಿಗಳನ್ನೂ ಅರಸಿಕೊಂಡು ಹೋದರು. ಅಂತಹ ಸಮಯದಲ್ಲಿ ಶಾಲಾ ಮಕ್ಕಳ ವಾದಸಭೆಯೊಂದು ನಿಂತುಹೋಗಿದ್ದರೆ ಆಶ್ಚರ್ಯಪಡುವವರು ಯಾರೂ ಇರುತ್ತಿರಲಿಲ್ಲ. ಅದು ನಿಲ್ಲಲಿಲ್ಲ. 1992ರಲ್ಲಿಯೂ 1993ರಲ್ಲಿಯೂ ಮಾಸ್ಕೋದ ದಕ್ಷಿಣಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ, ಉಚ್ಚಶಕ್ತಿ ಭೌತವಿಜ್ಞಾನದ ಸಂಸ್ಥೆಯಿಂದ ಹೆಸರಾದ ಪ್ರೊತ್ವಿನೊ ಎಂಬ ಚಿಕ್ಕ ಪಟ್ಟಣದಲ್ಲಿ ಅದು ನಡೆಯಿತು. 1994ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್ ಅದನ್ನು ಬರಮಾಡಿಕೊಂಡಿತು. ನನ್ನ ದೃಷ್ಟಿಯಲ್ಲಿ ಈ ದಾಟುವಿಕೆಯು ಸಂಸ್ಥೆಯ ಎರಡನೆಯ ಜನ್ಮ: ಒಂದು ದೇಶದ ಆಡಳಿತದ ಆಸರೆಯಿಂದ ಬಿಡಿಸಿಕೊಂಡು, ಹಲವು ದೇಶಗಳ ಅಧ್ಯಾಪಕರ ಸ್ವಯಂಸೇವೆಯ ಮೇಲೆ ನಿಲ್ಲಬಲ್ಲುದೆಂದು ಅದು ಅಂದು ತೋರಿಸಿಕೊಟ್ಟಿತು. ಅಲ್ಲಿಂದ ಮುಂದೆ ಪೋಲೆಂಡ್, ಜಾರ್ಜಿಯ, ಚೆಕ್ ಗಣರಾಜ್ಯ, ಜರ್ಮನಿ ಎಂದು ವರ್ಷಕ್ಕೊಂದು ನಾಡಿನಲ್ಲಿ ಬೀಡುಬಿಡುತ್ತ ಹೋಯಿತು. ಸ್ವಂತದ್ದೊಂದು ಸಭಾಭವನವಾಗಲಿ ಪ್ರಯೋಗಶಾಲೆಯಾಗಲಿ ಇಲ್ಲದ ಸಂಸ್ಥೆಗೆ ಸ್ಥಾವರವೆಂದರೆ ಅದರ ನಿಯಮಾವಳಿಯೇ.

ಈ ಅವಧಿಯಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಗುನ್ನಾರ್ ಟಿಬೆಲ್ ಅವರು ಅಧ್ಯಕ್ಷರಾಗಿ ಸಲ್ಲಿಸಿದ ಸೇವೆಯನ್ನು ಸ್ಮರಿಸಲೇಬೇಕು. 2003ರ ಪಂದ್ಯಾವಳಿ ಅವರ ಊರಾದ ಉಪ್ಸಾಲದಲ್ಲಿಯೇ ನಡೆಯಿತು. ಮರುವರ್ಷ, 2004ರಲ್ಲಿ, ಪಂದ್ಯಾವಳಿಯು ಯೂರೋಪನ್ನು ಬಿಟ್ಟು ಆಸ್ಟ್ರೇಲಿಯದ ಬ್ರಿಸ್ಬೇನಿಗೆ ಹೋಯಿತು. ಅಧ್ಯಕ್ಷ ಪದವಿಯೂ ಮುಂದೆ ಆಸ್ಟ್ರೇಲಿಯದ ಅಲನ್ ಆಲಿನ್ಸನ್ ಅವರಿಗೆ ಬಂದಿತು. 2007ರಲ್ಲಿ ಸೋಲ್, 2009ರಲ್ಲಿ ಚೀನದ ತಿಯಾನ್‌ಜಿನ್, 2011ರಲ್ಲಿ ತೆಹರಾನ್, 2013ರಲ್ಲಿ ತೈಪೆ, 2017ರಲ್ಲಿ ಸಿಂಗಪುರ: ಏಷ್ಯಾಖಂಡವು ಈ ವಾದಸಭೆಯನ್ನು ತನ್ನದನ್ನಾಗಿ ಮಾಡಿಕೊಂಡ ವೇಗವು ಗಮನಾರ್ಹ. ಶುದ್ಧ ಮತ್ತು ಅನ್ವಿತ ಭೌತವಿಜ್ಞಾನದ ಅಂತಾರಾಷ್ಟ್ರೀಯ ಒಕ್ಕೂಟಕ್ಕೆ ಸೇರಿದ ಭೌತಶಿಕ್ಷಣ ಆಯೋಗದ ಪದಕವು 2013ರಲ್ಲಿ ಪಂದ್ಯಾವಳಿಗೆ ಸಂದಿತು. ಯಾವ ವರ್ಷ ಯಾವ ದೇಶ ಗೆದ್ದಿತೆಂಬ ಪಟ್ಟಿಯನ್ನು ನಾನು ಬೇಕೆಂದೇ ಇಲ್ಲಿ ಕೊಡುತ್ತಿಲ್ಲ. ಸಿಂಗಪುರದ ತಂಡಗಳು ಮತ್ತೆ ಮತ್ತೆ ಅಗ್ರಸ್ಥಾನವನ್ನು ಪಡೆದವೆಂಬುದನ್ನು ಮಾತ್ರ ಹೇಳಿದರೆ ಸಾಕು.

ಪದಕಗಳಿಗಿಂತಲೂ ಬೆಲೆಯುಳ್ಳದ್ದು ಇದರ ಸಂತಾನ. ಅಂತಾರಾಷ್ಟ್ರೀಯ ತಂಡವನ್ನು ಆರಿಸುವುದಕ್ಕಾಗಿ ಪ್ರತಿಯೊಂದು ದೇಶವೂ ತನ್ನೊಳಗೆ ಪಂದ್ಯಗಳನ್ನು ಏರ್ಪಡಿಸಬೇಕಾಯಿತು. ಆಸ್ಟ್ರಿಯದಲ್ಲಿ ಲಿಯೋಬೆನ್ ಪಟ್ಟಣವೂ, ಜರ್ಮನಿಯಲ್ಲಿ 2012ರ ಪಂದ್ಯಾವಳಿ ನಡೆದ ಬಾಡ್ ಸೌಲ್ಗಾವ್ ಅಲ್ಲದೆ ಭೌತವಿಜ್ಞಾನಿಗಳ ಸಭಾಗೃಹವಿರುವ ಬಾಡ್ ಹೊನ್ನೆಫ್ ಊರೂ ಈ ಕಾರ್ಯಕ್ಕೆ ಹೆಸರಾದವು. ಇದೇ ಮಾದರಿಯನ್ನು ಅನುಸರಿಸಿ ಗಣಿತಕ್ಕೆ, ರಸಾಯನಕ್ಕೆ, ಇನ್ನೂ ಕಿರಿಯರಿಗಾಗಿ ಸಮಗ್ರ ಪ್ರಕೃತಿವಿಜ್ಞಾನಕ್ಕೆ ಬೇರೆ ಬೇರೆ ಪಂದ್ಯಾವಳಿಗಳು ಹುಟ್ಟಿಕೊಂಡಿವೆ.

ದೋಷಗಳೂ ಉಂಟು, ಸ್ಮರಣ ಸಂಚಿಕೆಯಲ್ಲಿ ಬರೆಯುತ್ತಿರುವೆನೆಂದು ಅವನ್ನು ಮುಚ್ಚಿಡುವುದು ಸಲ್ಲದು. ಒಂದು ಸೆಕೆಂಡಿಗೆ ಸಾವಿರಾರು ಚಿತ್ರಗಳನ್ನು ಹಿಡಿಯುವ ಕ್ಯಾಮೆರಾ, ಬೆಲೆಬಾಳುವ ಗಣಕ ತಂತ್ರಾಂಶ, ವಿಶ್ವವಿದ್ಯಾನಿಲಯದ ಪ್ರಯೋಗಶಾಲೆ ಇವೆಲ್ಲ ಕೈಗೆಟಕುವ ತಂಡಕ್ಕೂ, ಸೈಕಲ್ ಅಂಗಡಿಯಿಂದ ಬೇರಿಂಗನ್ನು ಕಡ ತಂದು ಉಪಕರಣ ಕಟ್ಟುವ ತಂಡಕ್ಕೂ ನಡುವೆ ಇರುವ ಅಂತರವು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದೆ. ವಿದ್ಯಾರ್ಥಿಯ ಹಿಂದೆ ನಿಂತ ತರಬೇತಿದಾರನೇ ಪ್ರಬಂಧವನ್ನು ಬರೆದುಕೊಟ್ಟನೋ ಎಂಬ ಸಂಶಯಕ್ಕೂ ಎಡೆಯುಂಟು; ಚರ್ಚೆಯ ಹಂತದಲ್ಲಿ ಅದು ಬಹುಮಟ್ಟಿಗೆ ಬಯಲಾಗುತ್ತದೆಂಬುದು ಸಮಾಧಾನ, ಏಕೆಂದರೆ ಅನಿರೀಕ್ಷಿತವಾದ ಪ್ರಶ್ನೆಗೆ ಉತ್ತರವನ್ನು ಯಾರೂ ಬರೆದುಕೊಡಲಾರರು. ತೀರ್ಪುಗಾರರ ಅಭಿರುಚಿಗಳು ಭಿನ್ನವಾಗಿ, ಒಬ್ಬನು 8 ಕೊಟ್ಟ ನಿರೂಪಣೆಗೆ ಇನ್ನೊಬ್ಬನು 4 ಕೊಡುವುದೂ ಉಂಟು. ಆದುದರಿಂದಲೇ ತುತ್ತತುದಿಯ ಅಂಕಗಳ ಪ್ರಭಾವವನ್ನು ತಗ್ಗಿಸುವ ಲೆಕ್ಕದ ಕ್ರಮಗಳನ್ನು ನಿಯಮಾವಳಿಯಲ್ಲಿ ಸೇರಿಸಿ ಆಗಾಗ ತಿದ್ದುತ್ತ ಬಂದಿದ್ದಾರೆ. ಇವೆಲ್ಲಕ್ಕಿಂತ ದೊಡ್ಡದು ಭಾಷೆಯ ತೊಡಕು. ಅಂತಾರಾಷ್ಟ್ರೀಯ ಪಂದ್ಯದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಕ್ಷಣಾರ್ಧದಲ್ಲಿ ಎದ್ದು ಸೂಕ್ಷ್ಮವಾದ ಆಕ್ಷೇಪಣೆಯನ್ನು ಪರಭಾಷೆಯಲ್ಲಿ ಹೇಳಬೇಕಾದಾಗ ಚುರುಕಾದ ಬುದ್ಧಿಯೂ ತಡವರಿಸುತ್ತದೆ. ಅದನ್ನು ಅರಿವಿನ ಕೊರತೆಯೆಂದು ತಿಳಿಯುವ ತೀರ್ಪುಗಾರನು ತಪ್ಪುತ್ತಾನೆ.

2020ರಲ್ಲಿ ರುಮೇನಿಯದ ತಿಮಿಷ್ವಾರ ನಗರದಲ್ಲಿ ನಡೆಯಬೇಕಾಗಿದ್ದ ಪಂದ್ಯಾವಳಿಯು ಮಹಾಮಾರಿಯ ಕಾರಣದಿಂದ ರದ್ದಾಯಿತು. ಮರುವರ್ಷ ಜಾರ್ಜಿಯದ ಕುತೈಸಿಯಲ್ಲಿ ಅದು ಪುನಃ ಸೇರಿತು. 2022ರಲ್ಲಿ ತಿಮಿಷ್ವಾರ ತನ್ನ ಮಾತನ್ನು ಉಳಿಸಿಕೊಂಡಿತು. 2023ರಲ್ಲಿ ಪಾಕಿಸ್ತಾನದಲ್ಲಿ, ಎಂದರೆ ದಕ್ಷಿಣ ಏಷ್ಯಾದಲ್ಲಿ ಮೊದಲ ಬಾರಿಗೆ, ಅದು ನಡೆಯಿತು. ಅನಂತರ 2024ರಲ್ಲಿ ಬುಡಾಪೆಸ್ಟ್, 2025ರಲ್ಲಿ ಸ್ವೀಡನ್ನಿನ ಲುಂಡ್.

ನೆರೆಯ ದೇಶದವರೆಗೆ ಬಂದ ಈ ವಾದಸಭೆಯ ಮಾದರಿಯು ಕನ್ನಡದ ಪ್ರೌಢಶಾಲೆಯ ಅಂಗಳಕ್ಕೆ ಬರಲು ಅಡ್ಡಿಯೇನು? ನಮ್ಮಲ್ಲಿ ಭೂಮಿ ಹದವಾಗಿಯೇ ಇದೆ. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಸ್ಥಾಪಿಸಿ ವಾರವಾರವೂ ಜನಸಾಮಾನ್ಯರು ವಿಜ್ಞಾನಿಗಳ ಮಾತನ್ನು ಆಲಿಸುವಂತೆ ಮಾಡಿದರು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ದ ಮೂಲಕ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ವಿಜ್ಞಾನವನ್ನು ಹೇಳುತ್ತ ಬಂದಿದೆ, 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ನಮ್ಮ ಹಳ್ಳಿಗಳ ಮಕ್ಕಳು ತಮ್ಮ ಊರಿನ ಕೆರೆಯನ್ನೋ ಬಾವಿಯನ್ನೋ ಬೆಳೆಯನ್ನೋ ಶೋಧಿಸಿ ವರದಿಯನ್ನು ಒಪ್ಪಿಸುತ್ತಾರೆ. ಅಲ್ಲಿ ನಿರೂಪಕನಿದ್ದಾನೆ, ತೀರ್ಪುಗಾರನೂ ಇದ್ದಾನೆ. ಅವರ ನಡುವೆ ವಿದ್ಯಾರ್ಥಿಯೇ ಆದ ಪ್ರತಿಪಕ್ಷಿಗೆ ಒಂದು ಕುರ್ಚಿಯನ್ನು ಹಾಕಬೇಕಾಗಿದೆ. ಹಿರಿಯರು ಕೇಳುವ ಪ್ರಶ್ನೆಯು ಪರೀಕ್ಷೆಯಾಗಿ ಕೇಳಿಸುತ್ತದೆ, ಓರಗೆಯವನು ಕೇಳುವ ಪ್ರಶ್ನೆಯು ಸಂವಾದವಾಗುತ್ತದೆ.

ಇದಕ್ಕೆ ಬೇಕಾದ ಸಾಮಗ್ರಿ ಹೆಚ್ಚೇನಲ್ಲ. ಒಂದು ತಾಲ್ಲೂಕಿನ ಮೂರು ಶಾಲೆಗಳು ಕೂಡಿದರೆ ಒಂದು ಕಾಳಗಕ್ಕೆ ಸಾಕು. 2018ರ ಪಟ್ಟಿಯಲ್ಲಿಯೇ ಇದ್ದ ಮತ್ತೊಂದು ಸಮಸ್ಯೆಗೆ ತಳದಲ್ಲಿ ಕೊಂಚ ಭಾರವನ್ನು ಕಟ್ಟಿ ನೀರಿನಲ್ಲಿ ತೇಲಿಬಿಟ್ಟ ಮೇಣದಬತ್ತಿಯೊಂದೇ ಉಪಕರಣ: ಉರಿದಂತೆಲ್ಲ ಹಗುರವಾಗುತ್ತ, ಮೊಟಕಾಗುತ್ತ ಹೋದರೂ ಅದು ಮುಳುಗದೆ ಉರಿಯುತ್ತಿರುವುದು ಹೇಗೆ ಎಂಬ ಪ್ರಶ್ನೆಗೆ ಆರ್ಕಿಮಿಡೀಸನ ತತ್ತ್ವವನ್ನು ಬಲ್ಲ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯು ಕೈಹಾಕಬಹುದು, ಆದರೆ ಬತ್ತಿಯ ಸುತ್ತ ಕರಗದೆ ಉಳಿಯುವ ಮೇಣದ ಗೋಡೆಯನ್ನು ನೀರು ಹೇಗೆ ತಣಿಸುತ್ತದೆ ಎಂಬಲ್ಲಿಗೆ ಬಂದಾಗ ಅಧ್ಯಾಪಕರೂ ಅವನೊಡನೆ ಕುಳಿತು ಯೋಚಿಸಬೇಕಾಗುತ್ತದೆ. ಪೂರ್ವಸಿದ್ಧತೆಗೆ ಒಂದು ವರ್ಷವಿಲ್ಲದಿದ್ದರೆ ದಸರೆಯ ರಜೆಯಿಂದ ಸಂಕ್ರಾಂತಿಯ ವರೆಗಿನ ಅವಧಿ ಸಾಲುತ್ತದೆ. ತೀರ್ಪುಗಾರರ ಪೀಠದಲ್ಲಿ ಆ ಮೂರು ಶಾಲೆಗಳಿಗೆ ಸೇರದ ಅಧ್ಯಾಪಕರು ಇರಬೇಕು. ಅವರಿಗೆ ಮಕ್ಕಳಿಗಿಂತ ಮುಂಚಿತವಾಗಿ ಒಂದು ದಿನದ ತರಬೇತಿ ಬೇಕು, ಏಕೆಂದರೆ ಒಳ್ಳೆಯ ಪ್ರಶ್ನೆಗೆ ಅಂಕ ಕೊಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ನಿರೂಪಣೆಯ ಅವಧಿಯನ್ನು 12ರಿಂದ 8 ನಿಮಿಷಕ್ಕೆ ಇಳಿಸಬಹುದು, ಸಮಸ್ಯೆಗಳನ್ನು 17ರಿಂದ 5ಕ್ಕೆ ಇಳಿಸಬಹುದು, ಮಾತೆಲ್ಲ ಕನ್ನಡದಲ್ಲಿಯೇ ಆಗಲಿ. 3, 2, 1 ಎಂಬ ಗುಣಕಗಳನ್ನು ಮಾತ್ರ ಯಾರೂ ತಿದ್ದಬಾರದು.